ಡಿಶ್‌ವಾಷರ್ ಸರಿ ತೊಳೆಯುವುದಿಲ್ಲ ಎಂದು ಫೋನ್ ಬಂದರೆ

ಉಡುಪಿಯ ಸುತ್ತಮುತ್ತ ಡಿಶ್‌ವಾಷರ್ ರಿಪೇರಿ ಮಾಡುವುದು ನನ್ನ ಕೆಲಸ. ‘ಮೆಷಿನ್ ಓಡುತ್ತದೆ, ಪಾತ್ರೆ ಮಾತ್ರ ಕ್ಲೀನ್ ಆಗುವುದಿಲ್ಲ’ ಎಂದು ಫೋನ್ ಬಂದರೆ, ಊಟದ ಹೊತ್ತಿಗೆ ಹೆಂಡತಿಗೆ ಹೇಳಲು ಒಂದು ಕಥೆ ಸಿಕ್ಕಿತು ಎಂದೇ ಲೆಕ್ಕ.

ಫ್ಯಾನ್

ಕಾರ್ಕಳದಿಂದ ಒಬ್ಬರು ನಿವೃತ್ತ ಮೇಷ್ಟ್ರು ಫೋನ್ ಮಾಡಿದರು. ತಟ್ಟೆಯಲ್ಲಿ ಸಾರು ಹಾಗೆಯೇ ಅಂಟಿಕೊಂಡಿರುತ್ತದಂತೆ. ಮೆಷಿನಿನೊಳಗೆ ನೀರು ಚಿಮ್ಮಿಸುತ್ತಾ ತಿರುಗುವ ಭಾಗಕ್ಕೆ ನಾವು ಫ್ಯಾನ್ ಎನ್ನುವುದು. ಅದೇ ಅಭ್ಯಾಸದಲ್ಲಿ ಕೇಳಿದೆ, “ಮೇಲಿನ ಫ್ಯಾನ್ ತಿರುಗುತ್ತದಾ ಸರ್?”

“ಚೆನ್ನಾಗಿ ತಿರುಗುತ್ತದೆ.”

“ಕಸ ಏನಾದರೂ ಉಂಟಾ?”

“ಸ್ವಲ್ಪ ಜೇಡರ ಬಲೆ ಉಂಟು.”

ಡಿಶ್‌ವಾಷರಿನಲ್ಲಿ ಜೇಡ! ಬಹಳ ದಿನ ಓಡಿಸಿಲ್ಲವೋ ಏನೋ ಅಂದುಕೊಂಡೆ. “ಅದನ್ನು ಬಿಚ್ಚಿ ನಳ್ಳಿಯ ಕೆಳಗೆ ಹಿಡಿದು ತೊಳೆಯಿರಿ ಸರ್. ಕೈಯಲ್ಲೇ ತಿರುಗಿಸಿದರೆ ಬರುತ್ತದೆ.”

“ಫೋನ್ ಇಡಬೇಡಿ. ಪಕ್ಕದ ಮನೆಯಿಂದ ಏಣಿ ತರುತ್ತೇನೆ.”

ವ್ಯತ್ಯಾಸ

ಬೆಳ್ಮಣ್ಣಿನಲ್ಲಿ ಬಾಯಮ್ಮ ಎಂದು ಒಬ್ಬರು ಅಜ್ಜಿ. ಅವರ ದೂರು ಬೇರೆ. “ಹಾಕಿದ ಹಾಗೆಯೇ ಹೊರಗೆ ಬರುತ್ತದೆ ಮಗಾ, ಒಂಚೂರೂ ವ್ಯತ್ಯಾಸ ಇಲ್ಲ.”

ಹೋಗಿ ಎಲ್ಲ ಬಿಚ್ಚಿ ನೋಡಿದೆ. ಏನೂ ತೊಂದರೆ ಕಾಣಲಿಲ್ಲ. “ಬಾಯಮ್ಮ, ನೀವು ದಿನಾ ಮಾಡುವ ಹಾಗೆಯೇ ಒಮ್ಮೆ ಹಾಕಿ ತೋರಿಸಿ” ಎಂದೆ. ಅವರು ಸಾರಿನ ಪಾತ್ರೆಯನ್ನು ತೆಂಗಿನ ನಾರಿನಿಂದ ಗಸಗಸ ತಿಕ್ಕಿ, ತೊಳೆದು, ಬಟ್ಟೆಯಲ್ಲಿ ಒರೆಸಿ, ಫಳಫಳ ಹೊಳೆಯುವಾಗ ಮೆಷಿನಿನೊಳಗೆ ಇಟ್ಟರು.

“ತೊಳೆದು ಇಡುವುದು ಎಂತಕ್ಕೆ?”

“ಹೊಸ ಮೆಷಿನ್ ಅಲ್ವಾ ಮಗಾ? ಎಂಜಲು ಪಾತ್ರೆ ಹಾಕಿದರೆ ಗಲೀಜಾಗುವುದಿಲ್ಲವಾ?”

ಸೋಣದ ಮುಳ್ಳು

ಉಚ್ಚಿಲದ ಒಂದು ಮನೆಗೆ ಎರಡು ವಾರಗಳಲ್ಲಿ ಎರಡನೆಯ ಸಲ ಹೋಗಬೇಕಾಯಿತು. ತುಳುವರ ವ್ರತದ ತಿಂಗಳು ಸೋಣ ಅರ್ಧ ಕಳೆದಿತ್ತು. ಆ ಮನೆಯ ಯಜಮಾನರು ತಿಂಗಳು ಪೂರ್ತಿ ಮೀನು ಮುಟ್ಟುವುದಿಲ್ಲ ಎಂದು ವ್ರತ ಹಿಡಿದವರು. ಹೆಂಡತಿ ತವರುಮನೆ ಕಟಪಾಡಿಯಲ್ಲಿ ನಾಲ್ಕು ದಿನ ಇದ್ದು ಬಂದಿದ್ದರು. ಬಂದು ನೋಡಿದರೆ ತಟ್ಟೆಗಳೆಲ್ಲ ಜಿಡ್ಡು.

ನಾನು ಫಿಲ್ಟರ್ ಬಿಚ್ಚಿ ಸಿಂಕಿನಲ್ಲಿ ತಟ್ಟಿದೆ. ಒಂದು ಮುಷ್ಟಿ ಬಂಗುಡೆ ಮೀನಿನ ಮುಳ್ಳು ಬಿತ್ತು.

ಯಜಮಾನರು ಹೆಂಡತಿಯ ಬೆನ್ನ ಹಿಂದಿನಿಂದ ನನಗೆ ಕೈ ಮುಗಿದರು. ಪಾಪ ಎನಿಸಿತು. “ಇದು ಹಳೆಯ ಮುಳ್ಳು ಅಕ್ಕ, ಸೋಣಕ್ಕೆ ಮೊದಲಿನದ್ದು” ಎಂದೆ.

“ಹೋದ ವಾರ ನೀವೇ ಅಲ್ವಾ ಫಿಲ್ಟರ್ ತೊಳೆದು ಕೊಟ್ಟದ್ದು?”

ನಾನು ಕೂಡಲೇ ಬಗ್ಗಿ, ಇಲ್ಲದ ಸ್ಕ್ರೂ ಒಂದನ್ನು ಹುಡುಕಲು ಶುರು ಮಾಡಿದೆ.

ಯಜಮಾನರು ಗಂಟಲು ಸರಿ ಮಾಡಿಕೊಂಡರು. “ಪಕ್ಕದ ಮನೆಯ ಬೆಕ್ಕು ಬರುತ್ತದೆ ಮಾರಾಯ್ತಿ. ಅದು ಎಲ್ಲಿಂದಲೋ ಮೀನು ತಂದು ತಿಂದಿರಬೇಕು.”

ಅಕ್ಕ ಮುಳ್ಳನ್ನು ನೋಡಿದರು, ಗಂಡನನ್ನು ನೋಡಿದರು.

“ತಿಂದಿರಲಿ. ತಿಂದ ತಟ್ಟೆಯನ್ನು ತೊಳೆಯಲಿಕ್ಕೂ ಹಾಕಿದೆಯಲ್ಲ, ಆ ಬೆಕ್ಕನ್ನು ನಾವೇ ಸಾಕುವ. ನೀವು ಇಷ್ಟು ವರ್ಷದಲ್ಲಿ ಒಂದು ದಿನವೂ ಹಾಕಲಿಲ್ಲ!”