ಚಿಕ್ಕಪ್ಪನ ರೇಡಿಯೊಗೆ ಹಿಡಿದ ಶನಿ

ನಮ್ಮ ಚಿಕ್ಕಪ್ಪನಿಗೆ ಹಾಡೆಂದರೆ ಪ್ರಾಣ ಎಂದು ಊರೆಲ್ಲ ಹೇಳುತ್ತದೆ. ಶುದ್ಧ ಸುಳ್ಳು. ಅವರು ಜೀವಮಾನದಲ್ಲಿ ಒಂದು ಹಾಡನ್ನೂ ನೆಟ್ಟಗೆ ಕೇಳಿದವರಲ್ಲ. ಹಾಡು ಶುರುವಾದ ಕೂಡಲೇ ಅವರ ಕಿವಿ ಹಾಡನ್ನು ಬಿಟ್ಟು, ಅದರ ಹಿಂದೆ ಎಲ್ಲೋ ‘ಗುರ್ರ್’ ಎನ್ನುವ ಸದ್ದನ್ನು ಹುಡುಕಿಕೊಂಡು ಹೊರಟುಬಿಡುತ್ತಿತ್ತು. ಮದುವೆ ಊಟಕ್ಕೆ ಕೂತು, ಊಟ ಬಿಟ್ಟು ಅನ್ನದಲ್ಲಿ ಕಲ್ಲು ಹುಡುಕುವವರನ್ನು ನೀವು ನೋಡಿದ್ದೀರಾ? ಆ ಜಾತಿ ಇವರು. ಆ ಗುರ್ರ್‌ಗೆ ಅವರೇ ನಾಮಕರಣ ಮಾಡಿದ್ದರು: ಶನಿ. “ಬಂತು ನೋಡು ಶನಿ” ಎಂದು ಅವರು ಎದ್ದರೆ ಮನೆಯವರು ಸ್ವಿಚ್ಚುಗಳಿಂದ ದೂರ ನಿಲ್ಲಬೇಕು.

ಚಿಕ್ಕಪ್ಪ ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದು ನಿವೃತ್ತರಾದವರು. ಆಂಡರ್ಸನ್‌ಪೇಟೆಯ ಅವರ ಮನೆಯ ಹಾಲಿನಲ್ಲಿ ರೇಡಿಯೊ, ಟೇಪು, ಸ್ವಂತ ಕೈಯಿಂದ ಕಟ್ಟಿದ ಆಂಪ್ಲಿಫೈಯರು, ಬೀರುವಿನಷ್ಟು ಎತ್ತರದ ಎರಡು ಸ್ಪೀಕರುಗಳು. ಮನುಷ್ಯರು ಕೂರಲು ಒಂದೇ ಕುರ್ಚಿ. ರೇಡಿಯೊದಲ್ಲಿ ಹಾಡು ಬರುವ ದಾರಿಯಲ್ಲೇ ಬೀದಿಯ ಮಿಕ್ಸಿ, ಟ್ಯೂಬ್‌ಲೈಟು, ಮೊಬೈಲುಗಳ ಕಿರಿಕಿರಿಯೂ ಗಾಳಿಯಲ್ಲಿ ತೂರಿಕೊಂಡು ಬರುತ್ತದಂತೆ. ಅದನ್ನೆಲ್ಲ ಹೊರಗಟ್ಟಿ, ಹಸಿರು ಬಣ್ಣವೇ ಇಲ್ಲದ ಬಂಗಾರಪೇಟೆ ಪಾನಿಪೂರಿಯ ನೀರಿನಂಥ ತಿಳಿಯಾದ ಹಾಡು ಕೇಳಿ ಸಾಯಬೇಕು ಎನ್ನುವುದು ಅವರ ಒಂದೇ ಆಸೆ.

ಮೊದಲು ಸಿಕ್ಕಿಬಿದ್ದವರು ಪಕ್ಕದ ಮನೆಯಾಕೆ. ಅವರ ಗ್ರೈಂಡರು ತಿರುಗಿದಾಗಲೆಲ್ಲ ಶನಿ ಬರುತ್ತದೆಂದು ಚಿಕ್ಕಪ್ಪ ಕಾಂಪೌಂಡಿನ ಮೇಲೆ ಕತ್ತು ಚಾಚಿ, “ಆಡು ಮುಗಿಯೋಗಂಟ ಸ್ವಲ್ಪ ನಿಲ್ಸಮ್ಮಾ” ಎಂದರು. ಆಕೆ ಹಿಟ್ಟಿನ ಕೈಯನ್ನೇ ಮುಗಿದು, “ಅಣ್ಣಾ, ಉಂಗಳುಕ್ಕು ಪಾಟ್ಟು ಮುಖ್ಯಂ, ಎಂಗಳುಕ್ಕು ಇಡ್ಲಿ ಮುಖ್ಯಂ” ಎಂದು ತಮಿಳಿನಲ್ಲಿ ಹೇಳಿದರು: ನಿಮಗೆ ಹಾಡು, ನಮಗೆ ಇಡ್ಲಿ. ನಮ್ಮ ಕಡೆ ಹಾಡು ಹೇಗೂ ‘ಆಡು’ ಆಗುತ್ತದೆ. ಇವರು ಮೇಕೆಯನ್ನು ಯಾಕೆ ಇಷ್ಟು ಹಚ್ಚಿಕೊಂಡಿದ್ದಾರೆ ಎಂದು ಹೊಸಬರು ಗಾಬರಿಯಾಗುವುದುಂಟು.

ಆಮೇಲೆ ಅರ್ತಿಂಗ್ ಸರಿಯಿಲ್ಲವೆಂದು ಹಿತ್ತಲಲ್ಲಿ ಗುಂಡಿ ತೋಡಿಸಿದರು. ಇದ್ದಿಲು, ಉಪ್ಪು ತುಂಬಿ, ನಡುವೆ ಪೈಪು ನಿಲ್ಲಿಸುವ ಗುಂಡಿ. ಬೇರೆ ಊರಿನಲ್ಲಾದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಇದು ಕೆಜಿಎಫ್! ಮನೆಯ ಹಿಂದೆ ಆಳುದ್ದ ಗುಂಡಿ ಬಿದ್ದರೆ ಜನ ಸುಮ್ಮನಿರುತ್ತಾರೆಯೇ? ಇಲ್ಲಿನ ನಂದಿದುರ್ಗ ಎಂಬ ಚಿನ್ನದ ಗಣಿಯಲ್ಲಿ ದುಡಿದಿದ್ದ ಮುದುಕರೊಬ್ಬರು ಬಂದು ಮಣ್ಣು ಉಜ್ಜಿ ನೋಡಿ, “ಏನಾನ ಸಿಕ್ತಾ ಸಾರ್?” ಎಂದು ಮೆಲ್ಲಗೆ ಕೇಳಿದರು. ಶನಿಯ ಧ್ಯಾನದಲ್ಲಿದ್ದ ಚಿಕ್ಕಪ್ಪ, “ಇನ್ನೂ ಇಲ್ಲ, ಒಂದು ಮೂಟೆ ಉಪ್ಪಾಕುದ್ರೆ ಸರೋಯ್ತದೆ” ಎಂದುಬಿಟ್ಟರು. ಆ ವಾರ ಹಿಂದಿನ ಬೀದಿಯಲ್ಲೂ ಯಾರೋ ಗುಂಡಿ ತೋಡಿ ಉಪ್ಪು ಹಾಕಿದರೆಂದು ಸುದ್ದಿ. ಚಿಕ್ಕಮ್ಮ ಮಾತ್ರ, “ನಾನು ಸಾರಿಗೆ ಒಂದು ಅಳ್ಳು ಉಪ್ಪು ಜಾಸ್ತಿ ಆಕುದ್ರೆ ತಟ್ಟೆ ತಳ್ತೀರ, ಭೂಮ್ತಾಯಿಗೆ ಮೂಟೆಗಟ್ಲೆ ಉಣ್ಣಿಸ್ತೀರ” ಎಂದರು.

ಗುಂಡಿಯಾದ ಮೇಲೆ ಬಳೆ. ವೈರಿನ ಮೂಲಕ ನುಗ್ಗುವ ಶನಿಯನ್ನು ತಡೆಯಲು ಕಪ್ಪು ಬಳೆಯಂಥ ಬಿಲ್ಲೆಗಳು ಸಿಗುತ್ತವೆ. ವೈರನ್ನು ಅದರೊಳಗೆ ಸುತ್ತಿ ತೂರಿಸಬೇಕು. ಚಿಕ್ಕಪ್ಪ ಮನೆಯ ಒಂದೊಂದು ವೈರಿಗೂ ಅದನ್ನು ತೊಡಿಸಿದರು. “ಕಟ್ಕೊಂಡೋಳಿಗೆ ಒಂದು ಜೊತೆ ಬಳೆ ತರ್ಲಿಲ್ಲ, ಫ್ಯಾನಿಗೆ ಸೀಮಂತ ಮಾಡ್ತಾವ್ರೆ” ಎಂದು ಚಿಕ್ಕಮ್ಮ ಬೀದಿಗೆ ಕೇಳುವಂತೆ ಹೇಳಿದರು. ಮಾರನೆಯ ದಿನ ಚಿಕ್ಕಪ್ಪ ಗಾಜಿನ ಬಳೆ ತಂದಿದ್ದು ನಿಜ. ಅಳತೆ ಮಾತ್ರ ವೈರಿನದೇ ಇರಬೇಕು, ಕೈಗೆ ಏರಲಿಲ್ಲ.

ಮೊಬೈಲು ಬಂದ ಮೇಲಂತೂ ಬಾಗಿಲಲ್ಲೇ ತಪಾಸಣೆ. ಬಂದವರೆಲ್ಲ ಫೋನನ್ನು ಹಳೆಯ ಕುಕ್ಕರಿನೊಳಗೆ ಹಾಕಿ, ಮುಚ್ಚಳ ತಿರುಗಿಸಿ ಒಳಗೆ ಹೋಗಬೇಕು. ಒಮ್ಮೆ ನನ್ನ ತಂಗಿಯನ್ನು ನೋಡಲು ಅಲ್ಲಿಗೇ ಬಂದ ಗಂಡಿನ ಕಡೆಯವರನ್ನೂ ಅವರು ಬಿಡಲಿಲ್ಲ. ಉಪ್ಪಿಟ್ಟಿನ ನಡುವೆ ಕುಕ್ಕರಿನಿಂದ ಫೋನು ಕೂಗತೊಡಗಿತು. ಹುಡುಗನ ತಂದೆ ದಡಬಡ ಎದ್ದರು. ಚಿಕ್ಕಮ್ಮ ಅಡುಗೆಮನೆಯಿಂದಲೇ, “ಕೂತ್ಕಳಿ ಅಣ್ಣಾ, ಮೂರು ಕೂಗು ಆಗ್ಲಿ, ಇಳ್ಸಾನ” ಎಂದರು. ಆ ನಗುವಿನಲ್ಲೇ ಸಂಬಂಧ ಕುದುರಿತು.

ಇಷ್ಟೆಲ್ಲ ಮಾಡಿದರೂ ಶನಿ ಬಿಡಲಿಲ್ಲ. ಬಿಡುವುದು ಹೇಗೆ? ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಶನಿಯ ಮೂಲಸ್ಥಾನ ಅದೇ ಹಾಲಿನ ಕಿಟಕಿಯ ಪಕ್ಕದಲ್ಲಿತ್ತು. ಅದು ಚಿಕ್ಕಮ್ಮನ ಹೊಲಿಗೆ ಮೆಷಿನ್ನಿನ ಮೋಟಾರು. ಉರಿಗಾಂನಿಂದ ಆಂಡರ್ಸನ್‌ಪೇಟೆಯವರೆಗೆ ಹೆಂಗಸರ ರವಿಕೆ-ಜಾಕೀಟೆಲ್ಲ ಅವರದೇ ಹೊಲಿಗೆ. ನನ್ನ ಮದುವೆಯ ಜಾಕೀಟೂ. ಆ ಮೋಟಾರಿಗೂ ಚಿಕ್ಕಪ್ಪ ಬಳೆ ತೊಡಿಸಿದರು, ಅಲ್ಯೂಮಿನಿಯಂ ಹಾಳೆ ಸುತ್ತಿದರು. ಅದು ಕೇಳಲಿಲ್ಲ. ಇನ್ನು ಮೋಟಾರು ತೆಗೆದು ಕಾಲಲ್ಲಿ ತುಳಿ ಎನ್ನೋಣವೆಂದರೆ ಚಿಕ್ಕಮ್ಮನ ಮಂಡಿ ಕೇಳಲಿಲ್ಲ.

“ಅಲ್ಲ ಕಣೇ, ರೇಡಿಯೋದಾಗೆ ಆಡು ಬರೋ ಒತ್ತಿಗೇ ನೀನು ಒಲೀಬೇಕಾ?”

“ಆಡು ಬಂದ್ರೇನೇ ನಂಗೆ ಕೈ ಓಡೋದು. ನೀವು ಕಿವೀಲಿ ಕೇಳಿ, ನಾನು ಕೈಯಾಗೆ ಕೇಳ್ತೀನಿ.”

ಹೀಗೆ ಚಿಕ್ಕಪ್ಪ ವರ್ಷಗಟ್ಟಲೆ ರೇಡಿಯೊದಿಂದ ಹಿಡಿದಿಟ್ಟ ಕ್ಯಾಸೆಟ್ಟುಗಳಲ್ಲಿ ಹಾಡಿನ ಜೊತೆಗೆ ಆ ಗುರ್ರ್ ಕೂಡ ಅಚ್ಚಾಗಿ ಕೂತಿತು. ಉದ್ದ ಗುರ್ರ್ ಬಂದರೆ ಜಾಕೀಟಿನ ಪಕ್ಕೆಯ ಹೊಲಿಗೆ, ತುಂಡು ತುಂಡು ಗುರ್ರ್ ಬಂದರೆ ಕೊರಳಪಟ್ಟಿ. ನಡುವೆ ಯಾವುದಾದರೂ ಸಾಲು ಮನಸ್ಸಿಗೆ ಹಿಡಿಸಿತೋ, ಚಿಕ್ಕಮ್ಮ ಮೋಟಾರಿನ ಪೆಡಲಿನಿಂದ ಕಾಲು ತೆಗೆದು, ಹಲ್ಲಲ್ಲಿ ದಾರ ಕಚ್ಚಿಕೊಂಡು, ಆ ಸಾಲು ಮುಗಿಯುವವರೆಗೆ ಸುಮ್ಮನೆ ಕೂತುಬಿಡುತ್ತಿದ್ದರು. ಹುಡುಗಿಯಾಗಿದ್ದಾಗ ನಾನು ಅದನ್ನು ಎಷ್ಟೋ ಸಲ ನೋಡಿದ್ದೇನೆ. ಆಗೆಲ್ಲ ಚಿಕ್ಕಪ್ಪ, ಶನಿ ಬಿಟ್ಟಿತೆಂದು ಕುರ್ಚಿಗೆ ಒರಗುತ್ತಿದ್ದರು.

ಚಿಕ್ಕಮ್ಮ ಹೋದ ವರ್ಷ ತೀರಿಕೊಂಡರು. ಜ್ವರ ಎಂದು ಮಲಗಿದವರು ಏಳಲಿಲ್ಲ. ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಚಿಕ್ಕಪ್ಪ ರೇಡಿಯೊ ಹಾಕಿದರು. ಹಾಡು ತಿಳಿಯಾಗಿ ಬಂತು, ಪಾನಿಪೂರಿಯ ನೀರಿನಷ್ಟೇ ತಿಳಿ. ಅವರು ಒಂದು ಸಾಲನ್ನೂ ಪೂರ್ತಿ ಕೇಳದೆ ಆರಿಸಿದರು. ನನಗೆ ಆ ಮನೆಯಲ್ಲಿ ಅಷ್ಟು ಸಂಕಟವಾಗಿದ್ದು ಅವತ್ತೇ.

ಒಂದು ದಿನ ಅವರು ನನ್ನನ್ನು ಕೇಳಿದರು, “ಪಾಪ, ನಿನ್ನ ಫೋನಿನಾಗೆ ಚಿಕ್ಕಮ್ಮನ ಮಾತು ಏನಾನ ಐತಾ?” ನನಗೆ ಮೊಮ್ಮಗು ಬಂದಿದೆ, ಅವರಿಗೆ ನಾನಿನ್ನೂ ಪಾಪ. ಹುಡುಕಿದೆ. ತಂಗಿಯನ್ನು ಕೇಳಿದೆ, ಅವಳ ಗಂಡನನ್ನು ಕೇಳಿದೆ. ಹಬ್ಬ, ಹುಟ್ಟುಹಬ್ಬ, ಎಲ್ಲರ ವಿಡಿಯೊ ಇತ್ತು. ಚಿಕ್ಕಮ್ಮನದು ಒಂದೂ ಇರಲಿಲ್ಲ. ಮಂಡಿನೋವು ಹಿಡಿದ ಮೇಲೆ ಅವರು ಮನೆ ಬಿಟ್ಟು ಹೊರಗೆ ಬಂದವರಲ್ಲ. ಆ ಮನೆಗೆ ಹೋದಾಗ ನಮ್ಮ ಫೋನುಗಳೆಲ್ಲ ಕುಕ್ಕರಿನಲ್ಲಿರುತ್ತಿದ್ದವು.

ಚಿಕ್ಕಪ್ಪ ಹಳೆಯ ಕ್ಯಾಸೆಟ್ಟುಗಳನ್ನು ಹೊರಗೆ ತೆಗೆದರು. ಹಗಲೆಲ್ಲ ಅವನ್ನೇ ಹಾಕಿಕೊಂಡು ಕೂರತೊಡಗಿದರು. ಈಚೆಗೆ ಟೇಪ್‌ರೆಕಾರ್ಡರು ಒಂದೊಂದರ ಸುರುಳಿಯನ್ನೇ ಸುತ್ತಿಕೊಂಡು ಹರಿಯುತ್ತಿತ್ತು. ಕೆಲವಕ್ಕೆ ಬೂಷ್ಟು ಹಿಡಿದಿತ್ತು. ಹರಿದದ್ದನ್ನು ಕೈಯಲ್ಲಿ ಹಿಡಿದು ಅವರು ನಿಂತದ್ದನ್ನು ನೋಡಿ, ಉಳಿದವನ್ನಾದರೂ ಬೇಗ ಪೆನ್‌ಡ್ರೈವಿಗೆ ಹಾಕಿಸೋಣವೆಂದು ನಾನು ಹೊರಡಿಸಿದೆ. ಬಂಗಾರಪೇಟೆಯಲ್ಲಿ ಅಂಥ ಅಂಗಡಿಯೊಂದಿದೆ. ರೈಲು ಬೇಡವೆಂದರು. ರೈಲಿನ ಮೇಲಿನ ಕರೆಂಟು ತಂತಿಯಿಂದ ಕ್ಯಾಸೆಟ್ಟಿಗೆ ಹೊಸ ಶನಿ ಅಂಟಿದರೆ? ಬಸ್ಸಿನಲ್ಲಿ, ಚೀಲವನ್ನು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಬಂದರು.

ಅಂಗಡಿಯಾತ ಮೊದಲ ಕ್ಯಾಸೆಟ್ಟು ಹಾಕಿ ಕಂಪ್ಯೂಟರಿನಲ್ಲಿ ಕೇಳಿಸಿದರು. ಹಾಡು, ಹಿಂದೆಯೇ ಗುರ್ರ್. ಆತ ಮುಖ ಕಿವುಚಿ, “ತುಂಬ ಡಿಸ್ಟರ್ಬೆನ್ಸ್ ಐತೆ ಸಾರ್. ಇದನ್ನ ತೆಗೆಯೋಕೆ ನಮ್ಮತ್ರ ಐತೆ, ನೋಡಿ” ಎಂದು ಏನೋ ಒತ್ತಿದರು. ಗುರ್ರ್ ಇಲ್ಲ! ಗುಂಡಿ ತೋಡಿ, ಉಪ್ಪು ಸುರಿದು, ಮನೆಗೆಲ್ಲ ಬಳೆ ತೊಡಿಸಿಯೂ ಹೋಗದ ಶನಿ ಒಂದು ಬೆರಳಿಗೆ ಹೊರಟುಹೋಗಿತ್ತು. ನಾನು ಚಿಕ್ಕಪ್ಪನ ಮುಖ ನೋಡಿದೆ.

“ಮೊದ್ಲಿದ್ದಂಗೇ ಮಾಡಪ್ಪ” ಎಂದರು.

“ಯಾಕ್ ಸಾರ್, ಚೆನ್ನಾಗಿಲ್ವಾ?”

“ಚೆನ್ನಾಗೈತೆ. ಅದ್ರಾಗೆ ನಮ್ಮೋಳಿಲ್ಲ.”

ಆತ ನನ್ನ ಕಡೆ ನೋಡಿದರು. ಚಿಕ್ಕಪ್ಪನೇ ಮುಂದುವರಿಸಿದರು: “ಬೇಕಾದ್ರೆ ಆಡು ತೆಗ್ದಾಕು. ಶನಿ ಮುಟ್ಬೇಡ. ಅದು ನಮ್ಮನೇದು.”

ಅಂಗಡಿಯಾತ ಏನೂ ಅರ್ಥವಾಗದೆ ಮತ್ತೆ ಮೊದಲಿನದನ್ನೇ ಹಾಕಿದರು. ಉದ್ದ ಗುರ್ರ್, ತುಂಡು ಗುರ್ರ್. ಚಿಕ್ಕಪ್ಪ ಕಣ್ಣು ಮುಚ್ಚಿ ನಿಂತಿದ್ದರು. ಒಂದು ಕಡೆ ಗುರ್ರ್ ಥಟ್ಟನೆ ನಿಂತು, ಹಾಡು ಮಾತ್ರ ಉಳಿಯಿತು.

“ನೋಡಿ ಸಾರ್, ಇಲ್ಲಿ ತಾನಾಗೇ ಕ್ಲಿಯರ್ ಆಗೋಯ್ತು” ಎಂದರು ಅಂಗಡಿಯಾತ.

ಚಿಕ್ಕಪ್ಪ ತುಟಿಯ ಮೇಲೆ ಬೆರಳಿಟ್ಟರು.

“ಶ್... ಈಗ ಅವ್ಳು ಆಡು ಕೇಳ್ತಾವ್ಳೆ.”