ಬಾತಿ ರಸ್ತೆಯ ದಂಗೆ

ಪುಷ್ಪಲತಾ ನಲ್ಲಿಯ ಬಳಿ ಒಂದು ಮಾತು ಜಾಸ್ತಿ ಆಡಿದ್ದೇ ಎಲ್ಲಕ್ಕೂ ಮೂಲ. "ನಮ್ಮನೇರು ವಿದೇಶಿ ಸಂಸ್ಥೆಯಾಗ ಕೆಲ್ಸ ಮಾಡ್ತಾರೆ. ಯಾವ ದೇಶದಾಗ ಜನ ದಂಗೆ ಎದ್ರೂ ಇವ್ರ ಕಡೇರು ಅಲ್ಲಿರ್ತಾರೆ" ಎಂದು ಹೇಳಿ, ಆಕೆ ಹರಿಹರದ ತವರಿಗೆ ಬಸ್ಸು ಹತ್ತಿದಳು.

ನಿಜವೆಂದರೆ, ಅವಳ ಗಂಡ ಮಹೇಂದ್ರ ದಾವಣಗೆರೆಯ ಬಾತಿ ರಸ್ತೆಯ ಮನೆ ಬಿಟ್ಟು ಕದಲುತ್ತಿರಲಿಲ್ಲ. ದೂರದೇಶಗಳ ಚಳವಳಿಗಳಲ್ಲಿ ಏಟು ತಿಂದವರ ವರದಿಗಳನ್ನು ಕಂಪ್ಯೂಟರಿನ ಮುಂದೆ ಕೂತು ತಿದ್ದುವುದಷ್ಟೇ ಅವನ ಕೆಲಸ.

ಬೆಳಗಿನ ಚಹಾ ಹೊತ್ತಿಗೆ ಪಕ್ಕದ ಬೀದಿಯ ತೌಸೀಫ್ ಬಡಾವಣೆಯವರನ್ನು ಕಟ್ಟಿಕೊಂಡು ಬಂದ. ಬಡಾವಣೆ ಸಂಘದ ಅಧ್ಯಕ್ಷ ಪರಮೇಶ್ವರಪ್ಪ ವರ್ಷಗಟ್ಟಲೆ ಚುನಾವಣೆ ನಡೆಸಿರಲಿಲ್ಲ. ಬೋರ್‌ವೆಲ್ಲಿನ ಕೀಲಿ ಅವರ ಸೊಂಟದಲ್ಲೇ. ಪ್ರಶ್ನೆ ಕೇಳಿದವರ ಬೀದಿಗೆ ನೀರಿಲ್ಲ.

"ಸರ್ಕಾರಾನೇ ಬೀಳಿಸೋರು ನೀವು. ಈ ಅಧ್ಯಕ್ಷರು ಯಾವ ಲೆಕ್ಕ ಮಹೇಂದ್ರಣ್ಣ?" ಎಂದ.

"ನಾವು ಯಾರನ್ನೂ ಬೀಳಿಸಲ್ಲಪ್ಪ. ಏಟು ತಿಂದೋರ ವಿವರ ಬರೀತೀವಿ ಅಷ್ಟೇ."

ತೌಸೀಫ್ ಯೋಚಿಸಿದ. "ಹಂಗಾರೆ ಮೊದ್ಲು ಏಟು ತಿನ್ಬೇಕಾ?"

ಮಹೇಂದ್ರ ಗಾಬರಿಯಾದ. "ಬ್ಯಾಡ. ಖಾಲಿ ಕೊಡ ಹಿಡ್ಕೊಂಡು ಅವ್ರ ಮನಿ ಮುಂದೆ ಸುಮ್ನೆ ಕೂಡ್ರಿ."

ಕೂತರು. ಬಿಸಿಲೇರಿದಂತೆ ಗೊಣಗಾಟ ಶುರುವಾಯಿತು. "ವಿದೇಶಿ ಸಂಸ್ಥೆ ಅಂತಾರೆ, ಮಂಡಕ್ಕಿ ಮಿರ್ಚಿನೂ ಕೊಡ್ಸಲ್ಲ."

ಪರಮೇಶ್ವರಪ್ಪ ಮಹಡಿಯಿಂದ ಬಗ್ಗಿ, "ಇದರಾಗ ವಿದೇಶಿ ಕೈ ಐತೆ" ಎಂದರು. ಎಲ್ಲರೂ ತಿರುಗಿ ನೋಡಿದಾಗ, ಹಿಂದೆ ನಿಂತಿದ್ದ ಮಹೇಂದ್ರ, ಬೆಲ್ಲ ಕದ್ದವನಂತೆ, ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದ.

ಮಧ್ಯಾಹ್ನ ಅಧ್ಯಕ್ಷರ ಮನೆಯ ಬಾಗಿಲು ತೆರೆಯಿತು. ಅವರ ಹೆಂಡತಿ ಕಸ್ತೂರಮ್ಮ ತಮ್ಮದೊಂದು ಖಾಲಿ ಕೊಡ ತಂದು ಮುಂದಿನ ಸಾಲಿನಲ್ಲೇ ಕೂತರು. "ಲಗ್ನ ಆದಾಗಿಂದ ನಮ್ಮನಿಯಾಗೂ ಚುನಾವಣೆ ಆಗಿಲ್ಲ" ಎಂದರು.

ಅಲ್ಲಿಗೆ ಆಡಳಿತ ಬಿತ್ತು. ಸಂಜೆಯೊಳಗೆ ಎಲ್ಲರ ಕೈ ಎತ್ತಿಸಿ ಕಸ್ತೂರಮ್ಮ ಅಧ್ಯಕ್ಷೆಯಾದರು. ಗಂಡನ ಸೊಂಟದ ಕೀಲಿಗೊಂಚಲು ಪೂರ್ತಿ ಬಿಚ್ಚಿಕೊಂಡು, ಅವರನ್ನು ಹೊರಗಿಟ್ಟು ಮನೆಗೂ ಬೀಗ ಜಡಿದರು.

ಮಹೇಂದ್ರ ಮನೆಗೆ ಬಂದು ಕೂರುವಷ್ಟರಲ್ಲಿ ಹಿತ್ತಲ ಬಾಗಿಲ ಸದ್ದಾಯಿತು. ಪರಮೇಶ್ವರಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತಿದ್ದರು.

"ನಿಮ್ಮ ಸಂಸ್ಥೆ ನೆಲೆ ಕಳ್ಕೊಂಡೋರಿಗೆ ಆಶ್ರಯ ಕೊಡಿಸ್ತೈತಂತಲ್ಲಪ್ಪ."

"ಹರಿಹರದಾಗ ನಿಮ್ಮ ತಂಗಿ ಮನಿ ಐತಲ್ರಿ?"

"ಅಲ್ಲಿಗೂ ಕಸ್ತೂರಿ ಫೋನ್ ಮಾಡ್ಯಾಳೆ."

ನೆಲೆ ತಪ್ಪಿದವರನ್ನು ಬಾಗಿಲಲ್ಲಿ ನಿಲ್ಲಿಸಬಾರದೆಂದು ಎಷ್ಟೋ ವರದಿಗಳಲ್ಲಿ ಮಹೇಂದ್ರ ತಾನೇ ತಿದ್ದಿ ಬರೆದಿದ್ದ. ದಾರಿಬಿಟ್ಟ.

ಸ್ವಲ್ಪ ಹೊತ್ತಿಗೆ ಮುಂಬಾಗಿಲಲ್ಲಿ ಗದ್ದಲ. ತೌಸೀಫ್ ಮಹೇಂದ್ರನಿಗೆಂದು ಹೂವಿನ ಹಾರ ಹಿಡಿದು ಜನರೊಂದಿಗೆ ಒಳಗೆ ಬಂದವನು ಹಾಗೇ ನಿಂತ. ಸೋಫಾದ ನಟ್ಟನಡುವೆ ಪರಮೇಶ್ವರಪ್ಪ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

ವಿವರಿಸಲು ಮಹೇಂದ್ರ ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು:

"ಬರ್ರಿ, ಎಲ್ಲಾರೂ ಕೂಡ್ರಿ. ಮಹೇಂದ್ರ, ಇವ್ರಿಗೆ ಚಹಾ ಇಡು."

ಮಹೇಂದ್ರ ಅಡುಗೆಮನೆಗೆ ಹೋದ.