‘ಏನೇ’ ಅಂದದ್ದಕ್ಕೆ ಸಿಕ್ಕ ರೂಮು

ನಾನು ಎಲ್ಲಿಗೆ ಹೋದರೂ ಎಡವಟ್ಟು ನನಗಿಂತ ಮೊದಲೇ ಹೋಗಿ ಜಾಗ ಹಿಡಿದು ಕೂತಿರುತ್ತದೆ. ಡಿಗ್ರಿ ಓದಲು ಆಮ್‌ಸ್ಟರ್‌ಡ್ಯಾಮಿಗೆ ಬಂದಾಗಲೂ ಹಾಗೇ ಆಯಿತು. ಬೈಟನ್‌ವೆಲ್ಡರ್ಟ್ ಬಡಾವಣೆಯ ಅಕ್ಕನ ಮನೆಯಲ್ಲಿ ಸೋಫಾ ಮೇಲೆ ಮಲಗುತ್ತಿದ್ದೆ. ತಿಂಗಳ ಕೊನೆಗೆ ಅಕ್ಕನ ಅತ್ತೆ ಮಾವ ಬರುವವರಿದ್ದರು. ಅಷ್ಟರೊಳಗೆ ನಾನು ಜಾಗ ಖಾಲಿ ಮಾಡಬೇಕು. ಈ ಊರಲ್ಲಿ ಗಂಡು ಬೇಕಾದರೆ ಸಿಕ್ಕಾನು, ರೂಮು ಸಿಗುವುದಿಲ್ಲ.

ಕೊನೆಗೆ ಕಾಲೇಜು ಹುಡುಗಿಯರ ಸಂಘವೊಂದರ ಮನೆಯಲ್ಲಿ ಒಂದು ರೂಮು ಖಾಲಿಯಿದೆ ಎಂದು ಗೊತ್ತಾಯಿತು. ಹೊಸದಾಗಿ ಸೇರುವ ನಾಲ್ವರಲ್ಲಿ ಒಬ್ಬಳಿಗೆ ಅದು. ಯಾರಿಗೆಂದು ಸೀನಿಯರುಗಳು ತೀರ್ಮಾನಿಸುತ್ತಾರೆ. ಅದಕ್ಕೂ ಮೊದಲು ಒಂದು ವಾರ ‘ಪರಿಚಯ’ ಇರುತ್ತದಂತೆ. ಪರಿಚಯ ಎಂದರೆ ನಮ್ಮ ಕಡೆಯ ರ‍್ಯಾಗಿಂಗು. ಆ ಪದ ಕಿವಿಗೆ ಬಿದ್ದರೆ ಮುಂದಿನ ಫ್ಲೈಟಿಗೇ ವಾಪಸ್ಸು ಎಂದು ಅಮ್ಮ ಮೈಸೂರಿನಿಂದ ಆಜ್ಞೆ ಹೊರಡಿಸಿದ್ದಳು.

ಫಾರಂ

ಅಕ್ಕ ಮೈಸೂರಿನಲ್ಲಿ ಕಾಲೇಜು ಸೇರಿದಾಗ, ರ‍್ಯಾಗಿಂಗ್ ಮಾಡುವುದಿಲ್ಲ ಎಂದು ಫಾರಂ ತುಂಬಿ ಅಪ್ಪನ ಕೈಲೂ ಸಹಿ ಹಾಕಿಸಿದ್ದಳು. ಇಲ್ಲೂ ಅದೇ ಪದ್ಧತಿ ಇರಬೇಕು ಎಂದುಕೊಂಡು, ಮೊದಲ ದಿನವೇ ಸಂಘದ ಅಧ್ಯಕ್ಷೆಯನ್ನು ಆ ಫಾರಂ ಎಲ್ಲಿ ಎಂದು ಕೇಳಿದೆ. ಆರಡಿ ಹುಡುಗಿ. ಅವಳ ಮುಖ ಪೂರ್ತಿ ಕಾಣಬೇಕಾದರೆ ನಾನು ಎರಡು ಹೆಜ್ಜೆ ಹಿಂದೆ ಸರಿಯಬೇಕಿತ್ತು.

ಫಾರಂ ಎಂದರೆ ಈ ದೇಶದವರಿಗೆ ಬಹಳ ಭಕ್ತಿ. ತಮ್ಮಲ್ಲಿ ಅದಿಲ್ಲ ಎಂದು ಅವಳು ನಿಜವಾಗಿಯೂ ನೊಂದುಕೊಂಡು, ಒಳಗೆ ಹೋಗಿ ತಾನೇ ಒಂದು ಟೈಪ್ ಮಾಡಿ ತಂದಳು. ‘ಯಾರಾದರೂ ಒಮ್ಮೆ ನೇ ಎಂದರೆ ಮತ್ತೆ ಬಲವಂತ ಮಾಡುವಂತಿಲ್ಲ’ ಎಂದಿತ್ತು. ಡಚ್ಚಿನಲ್ಲಿ ‘ನೇ’ ಎಂದರೆ ಬೇಡ, ಇಲ್ಲ. ಎಲ್ಲರೂ ಸಹಿ ಹಾಕಿದೆವು. ಅಪ್ಪನ ಸಹಿಗೆ ಜಾಗ ಬಿಟ್ಟಿಲ್ಲವಲ್ಲ ಎಂದು ನಾನು ಒಂದು ತಪ್ಪೂ ಹುಡುಕಿಕೊಟ್ಟೆ.

ಬಹುವಚನ

ಸೀನಿಯರುಗಳಿಗೆ ಮರ್ಯಾದೆ ಕೊಟ್ಟೇ ಮಾತಾಡಬೇಕು ಎಂಬುದು ಮೊದಲ ನಿಯಮ. ಕಾಫಿ ಬೇಕೇ ಎಂದು ಕೇಳಲು ಹೋದಾಗ ಗಾಬರಿಗೆ ನನ್ನ ಬಾಯಿಂದ “ನೀವು?” ಎಂದು ಬಂತು. ಎಲ್ಲರೂ ನಗತೊಡಗಿದರು. ಡಚ್ಚಿನಲ್ಲಿ ಹೊಸತು ಎನ್ನುವುದಕ್ಕೆ ಹೆಚ್ಚುಕಡಿಮೆ ಅದೇ ಪದವಂತೆ. ಪಾಪ, ಹೊಸಬಳು ಎಂದು ತಾನೇ ಹೇಳಿಕೊಳ್ಳುತ್ತಿದ್ದಾಳೆ ಎಂದುಕೊಂಡರು.

ಅಂದಿನಿಂದ ನನ್ನ ಹೆಸರೇ ‘ನೀವು’ ಆಯಿತು. ಪಾತ್ರೆ ತೊಳೆಯಲು ಕರೆದರೂ ನೀವು, ಬೈದರೂ ನೀವು. ಸ್ವಂತ ತಮ್ಮನಿಂದ ಹುಟ್ಟಿದಾರಭ್ಯ ಸಿಗದ ಬಹುವಚನ ನನಗೆ ಆ ಮನೆಯಲ್ಲಿ ಸಿಕ್ಕಿತು.

ಬಸ್ಕಿ

ಐದು ನಿಮಿಷ ತಡವಾಗಿ ಬಂದದ್ದಕ್ಕೆ ಮೂವತ್ತು ಸಲ ಕೂತು ಏಳುವ ಶಿಕ್ಷೆ ಕೊಟ್ಟರು. ಚಿಕ್ಕಂದಿನಿಂದ ಗಣಪತಿಯ ಮುಂದೆ ಬಸ್ಕಿ ಹೊಡೆದವಳು ನಾನು. ಎರಡೂ ಕಿವಿ ಹಿಡಿದು ಐವತ್ತು ಹೊಡೆದು, ಸಾಕೇ ಎಂದು ಕೇಳಿದೆ. ಅವರಿಗೆ ಅವಮಾನವಾಯಿತೋ ಏನೋ, ಪೈಪೋಟಿಗೆ ಬಿದ್ದು ತಾವೂ ಹೊಡೆದರು. ಮರುದಿನ ಏಣಿಯಂತೆ ಕಡಿದಾದ ಆ ಮನೆಯ ಮೆಟ್ಟಿಲನ್ನು ಸೀನಿಯರುಗಳೆಲ್ಲ ಕೂತುಕೊಂಡೇ ಇಳಿದರು.

ಕಾಲುವೆ

ಕೊನೆಯ ದಿನ ನಮ್ಮ ನಾಲ್ವರನ್ನೂ ಕಾಲುವೆಯ ದಡದಲ್ಲಿ ಸಾಲಾಗಿ ನಿಲ್ಲಿಸಿದರು. ಅಧ್ಯಕ್ಷೆ ನನ್ನನ್ನೇ ತೋರಿಸಿ, ಮೊದಲು ನೀನು ಹಾರು ಎಂದಳು. ನನಗೆ ಈಜು ಬರುವುದಿಲ್ಲ. ಹಾರಿದರೆ ಜೀವ ಹೋಗುತ್ತದೆ, ಹಾರದಿದ್ದರೆ ರೂಮು ಹೋಗುತ್ತದೆ. ಇಂಗ್ಲಿಷೂ ಡಚ್ಚೂ ಮರೆತು, ಗೆಳತಿಯನ್ನು ಕೇಳಿದ ಹಾಗೆ “ಏನೇ?” ಅಂದುಬಿಟ್ಟೆ.

ಅವಳು ಬಗ್ಗಿ ಕಿವಿ ಕೊಟ್ಟಳು. ನಾನು ಇನ್ನೂ ಜೋರಾಗಿ “ಏನೇ?” ಅಂದೆ.

ಅವಳು ಜೇಬಿನಿಂದ ಮಡಿಸಿದ ಫಾರಂ ತೆಗೆದು ಓದಿದಳು. ಒಂದು ‘ನೇ’ ಸಾಕಿತ್ತು, ಇವಳು ಎರಡು ಸಲ ಹೇಳಿದ್ದಾಳೆ ಎಂದು ಹಿಂದೆ ಸರಿದಳು. ಅದನ್ನು ಕಂಡು ಉಳಿದ ಮೂವರೂ ಒಟ್ಟಿಗೆ “ನೇ” ಎಂದರು. ಅಲ್ಲಿಗೆ ಪರಿಚಯ ಮುಗಿಯಿತು. ಇದೆಲ್ಲ ಮೊದಲೇ ಯೋಚಿಸಿ ಫಾರಂ ಮಾಡಿಸಿದವಳು ಮನೆಯಲ್ಲಿರುವುದು ಒಳ್ಳೆಯದು ಎಂದು ಸೀನಿಯರುಗಳು ರೂಮನ್ನು ನನಗೇ ಕೊಟ್ಟರು.

ಖುಷಿಯಲ್ಲಿ ಅಮ್ಮನಿಗೆ ಫೋನ್ ಮಾಡಿ ಎಲ್ಲ ಒದರಿದೆ. ರ‍್ಯಾಗಿಂಗಿನ ವಿಷಯ ಅವಳ ತಲೆಗೇ ಹೋಗಲಿಲ್ಲ.

“ಅಲ್ವೇ, ನಿನಗಿಂತ ದೊಡ್ಡವಳಿಗೆ ಏನೇ ಅಂದ್ಯಾ? ನೀವು ಅನ್ನೋಕೆ ಬಾಯಿಗೆ ಏನಾಗಿತ್ತು?”

“ಅಮ್ಮಾ, ನೀವು ಅಂದಿದ್ರೆ, ಹೊಸಬಳು ರೆಡಿ ಅಂದ್ಕೊಂಡು ತಳ್ಳೇಬಿಡ್ತಿದ್ರು.”